ಹುಳಿ ಸೊಪ್ಪಿನ ಕೊನೆಯ ಜಾಡಿ

“ಜಾಡೀಲಿರೋ ಸೊಪ್ಪನ್ನ ಹಾಗೇ ಕುದಿಯೋ ನೀರಿಗೆ ಸುರೀತೀಯಾ? ಬುದ್ಧಿ ಇದೆಯಾ ನಿಂಗೆ?” ಈರುಳ್ಳಿಯಮ್ಮ ಅಣ್ಣನ ಮಗಳ ಮುಂಗೈ ಹಿಡಿದೇ ಬಿಟ್ಟಳು.

ಮಗಳು ಕೈ ಕೊಸರಿಕೊಂಡಳು. “ಮುಟ್ಬೇಡಿ ಅತ್ತೆ. ಮಣ್ಣಿಗೆ ಬಂದ್ರಿ, ಆಯ್ತಲ್ಲ. ಇನ್ನು ಹೊರಡಿ.”

ಅತ್ತಿಗೆಯನ್ನು ಮಣ್ಣು ಮಾಡಿ ಬಂದು ಗಂಟೆಯೂ ಆಗಿರಲಿಲ್ಲ. ಅಂಗಳದಲ್ಲಿ ಮಾರುಕಟ್ಟೆಯ ಹಮಾಲಿಗಳು, ಹೊಳೆಯಾಚೆಯಿಂದ ಬಂದ ಅವಳ ತವರಿನವರು, ನಲವತ್ತು ಜನ ಮುಖ ಇಳಿಬಿಟ್ಟು ಕೂತಿದ್ದರು. ಅವರಿಗೆಲ್ಲ ಅವ್ವನ ಹುಳಿ ಸೊಪ್ಪಿನ ಸಾರನ್ನೇ ಬಡಿಸಬೇಕೆಂದು ಮಗಳ ಹಟ. ಸಾಯುವುದಕ್ಕೆ ವಾರ ಮುಂಚೆ ಅತ್ತಿಗೆ ಉಪ್ಪುನೀರಲ್ಲಿ ಹುಳಿಗಿಟ್ಟಿದ್ದ ಸೊಪ್ಪು ಇದ್ದದ್ದು ಒಂದೇ ಜಾಡಿ. ಕೆಟ್ಟರೆ ಮುಗಿಯಿತು.

“ನಿಮ್ಮವ್ವ ಹೀಗೆ ಮಾಡ್ತಿರ್ಲಿಲ್ಲ.”

“ನಿಮಗೆ ಹೇಗೆ ಗೊತ್ತು? ಒಂದು ತೊಟ್ಟಾದ್ರೂ ಬಾಯಿಗೆ ಬಿಟ್ಕೊಂಡಿದ್ದೀರಾ?”

“ನಿಂಗೆ ಗೊತ್ತಾ?”

ಮಗಳ ಕಣ್ಣು ಕೆಂಪಾಯಿತು. “ಗೊತ್ತಿಲ್ಲ. ಕಲೀಲಿಲ್ಲ. ನೆಂಟರ ಮುಂದೆ ನನ್ನ ಜಡೆ ಮೂಸಿ ‘ಹೊಳೆಯಾಚೆ ನಾತ’ ಅಂದೋರು ಯಾರು? ಅವತ್ತಿಂದ ಅವ್ವನ ಒಲೆ ಹತ್ರ ನಾನು ಸುಳೀಲಿಲ್ಲ.”

*

ಅತ್ತಿಗೆ ಮದುವೆಯಾಗಿ ಬಂದಾಗ ಅವಳ ಜಾಡಿಗಳನ್ನು ಅಟ್ಟಕ್ಕೆ ಹತ್ತಿಸಿದವಳು ಈರುಳ್ಳಿಯಮ್ಮನೇ. ಗಂಡ ಸತ್ತ ಮೇಲೆ ಅತ್ತಿಗೆ ಅವನ್ನು ಕೆಳಗಿಳಿಸಿದಳು. ಮಾರುಕಟ್ಟೆಯಲ್ಲಿ, ನಾದಿನಿಯ ಈರುಳ್ಳಿ ರಾಶಿಯ ಪಕ್ಕದಲ್ಲೇ ಒಲೆ ಹೂಡಿದಳು. ಈರುಳ್ಳಿಯಮ್ಮನಿಗೆ ಮೈಯೆಲ್ಲ ಉರಿದುಹೋಯಿತು. “ನಾತಕ್ಕೆ ಗಿರಾಕಿ ಹತ್ರ ಸುಳೀತಿಲ್ಲ ಸ್ವಾಮಿ” ಎಂದು ಮೇಲ್ವಿಚಾರಕನ ಕಿವಿ ಊದಿ, ಆ ಒಲೆಯನ್ನು ಎದುರಿನ ಚರಂಡಿ ಪಕ್ಕಕ್ಕೆ ಎತ್ತಿಸಿದಳು.

ಅತ್ತಿಗೆ ಚರಂಡಿಯ ಮೇಲೆ ಹಲಗೆ ಹಾಸಿ ಕೂತಳು. ಮೊದಲು ಬಂದವರು ಹೊಳೆಯಾಚೆಯ ಹಮಾಲಿಗಳು. ದಿನವಿಡೀ ಈಚೆಯವರಂತೆ ಮಾತಾಡುತ್ತಿದ್ದವರು ಮೊದಲ ತುತ್ತಿಗೇ ತಮ್ಮೂರ ಮಾತಿಗೆ ಹೊರಳುತ್ತಿದ್ದರು, ಜೋರಾಗಿ ನಗುತ್ತಿದ್ದರು. ಆಮೇಲೆ ಈಚೆಯವರೂ ಸಾಲು ನಿಂತರು. ಈರುಳ್ಳಿಯಮ್ಮ ಇಪ್ಪತ್ತೆಂಟು ವರ್ಷ ಹಲ್ಲು ಕಚ್ಚಿಕೊಂಡು ಎದುರಿಗೆ ಕೂತು ನೋಡಿದಳು. ಅತ್ತಿಗೆಯೇನು ಕಡಿಮೆಯೇ? ಈರುಳ್ಳಿ ಬೇಕಾದರೆ ಇವಳ ರಾಶಿ ದಾಟಿ ಮಾರುಕಟ್ಟೆಯ ಆ ತುದಿಗೆ ಹೋಗಿ ತರುತ್ತಿದ್ದಳು.

ಒಮ್ಮೆ ಮಾತ್ರ, ಈರುಳ್ಳಿಯಮ್ಮ ಜ್ವರ ಬಿಟ್ಟು ಅಂಗಡಿಗೆ ಬಂದ ದಿನ, ಅತ್ತಿಗೆ ಮುಚ್ಚಿದ ಬಟ್ಟಲೊಂದನ್ನು ತಂದು ಮುಂದಿಟ್ಟಳು. “ಬಾಯಿಗೆ ರುಚಿ ಹತ್ತುತ್ತೆ, ಕುಡೀರಿ.”

ಇಡೀ ಮಾರುಕಟ್ಟೆ ನೋಡುವಂತೆ ಈರುಳ್ಳಿಯಮ್ಮ ಅದನ್ನು ಚರಂಡಿಗೆ ಚೆಲ್ಲಿದಳು. ಅತ್ತಿಗೆ ಬಟ್ಟಲು ತೊಳೆದು ಮುಂದಿನ ಗಿರಾಕಿಗೆ ಬಡಿಸಿದಳು.

*

“ನೀರು ಇಳಿಸು,” ಎಂದಳು ಈರುಳ್ಳಿಯಮ್ಮ.

ಮಗಳು ಕದಲಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹಮಾಲಿ ಮೇಸ್ತ್ರಿ, “ಮಾಡ್ಲಿ ಬಿಡವ್ವ. ಅಷ್ಟು ವರ್ಷ ಹದ್ದಿನ ಥರ ನೋಡ್ತಾ ಕೂತಿದ್ದಾಳಲ್ಲ, ಅಷ್ಟಕ್ಕಾದ್ರೂ ಉಪಯೋಗಕ್ಕೆ ಬರ್ಲಿ,” ಎಂದ.

ಈರುಳ್ಳಿಯಮ್ಮ ತಾನೇ ನೀರು ಇಳಿಸಿ, ಈರುಳ್ಳಿಯನ್ನು ಸಿಪ್ಪೆ ಸಮೇತ ಕೆಂಡದಲ್ಲಿ ಕರಿದಾಗುವ ತನಕ ಸುಟ್ಟಳು, ಕಲ್ಲಿನಿಂದ ಜಜ್ಜಿದಳು. ಸೊಪ್ಪು ಹಿಂಡಿ ಹುಳಿನೀರು ಬೇರೆ ತೆಗೆದಿಟ್ಟಳು. ಬೆಳ್ಳುಳ್ಳಿ ಕೆಂಪಾದ ಮೇಲೆ ಸೊಪ್ಪು, ಬಿಸಿನೀರು. ಪಾತ್ರೆ ಕೆಳಗಿಳಿಸಿದ ಮೇಲೆಯೇ ಹುಳಿನೀರು. ಎಲ್ಲೂ ತಡವರಿಸಲಿಲ್ಲ. ಸೌಟನ್ನು ಪಾತ್ರೆಯ ಅಂಚಿಗೆ ಎರಡು ಸಲ ಬಡಿದಾಗ ಮೇಸ್ತ್ರಿ ಬೆಚ್ಚಿ ನೋಡಿದ. ಅದು ಅತ್ತಿಗೆ ಬಡಿಯುತ್ತಿದ್ದ ರೀತಿ.

ಸೌಟು ಈರುಳ್ಳಿಯಮ್ಮನ ತುಟಿಯ ಹತ್ತಿರ ಹೋಯಿತು. ಮಗಳು ಕಿತ್ತುಕೊಂಡಳು, ತಾನೇ ಸವಿದಳು.

ನಿಂತಲ್ಲೇ ನಿಂತುಬಿಟ್ಟಳು. ಕಣ್ಣೀರು ಗಲ್ಲದಿಂದ ತೊಟ್ಟಿಕ್ಕಿತು. “ಅವ್ವಂದೇ,” ಎಂದಳು. ಮುಂಗೈಯಿಂದ ಕೆನ್ನೆ ಒರೆಸಿಕೊಂಡು, “ಇಷ್ಟು ಗೊತ್ತಿದ್ದೂ ಅಷ್ಟು ಮಾಡಿದ್ರಲ್ಲ. ನಡೀರಿ ಹೊರಗೆ.”

ಅಂಗಳದಲ್ಲಿ ತುತ್ತು ಬಾಯಿಗೆ ಬೀಳುತ್ತಲೇ ಹಮಾಲಿಗಳು ತಮ್ಮೂರ ಮಾತಿಗೆ ಹೊರಳಿದರು. ಯಾರೋ ಅಳುತ್ತಲೇ ನಕ್ಕರು. ಈರುಳ್ಳಿಯಮ್ಮ ತಾನಾಗಿಯೇ ಒಂದು ತಟ್ಟೆ ತೆಗೆದುಕೊಂಡು ಸಾಲಿನ ಕೊನೆಯಲ್ಲಿ, ಮೆಟ್ಟಿಲ ಮೇಲೆ ಕೂತಳು. ಬಡಿಸುತ್ತ ಬಂದ ಮಗಳು ಪಕ್ಕದವನ ತನಕ ಬಂದು ಹಿಂದಿರುಗಿದಳು. ಎರಡನೇ ಸುತ್ತಿನಲ್ಲೂ ಅಷ್ಟೇ.

ಒಳಗೆ ಸೌಟು ಪಾತ್ರೆಯ ತಳ ಕೆರೆಯುವ ಸದ್ದು ಕೇಳಿಸಿತು. ಈರುಳ್ಳಿಯಮ್ಮ ಸೆರಗಿನಿಂದ ತಟ್ಟೆ ಒರೆಸಿ, ಅದನ್ನು ಒಂದು ಮೊಣಕಾಲ ಮೇಲಿಂದ ಇನ್ನೊಂದಕ್ಕೆ ಬದಲಿಸಿ, ಬಾಗಿಲನ್ನೇ ನೋಡುತ್ತ ಕೂತಳು.