ತಂಗಡಿ ಗಿಡ ಮತ್ತು ಬಡಗಿಯ ತೊಲೆ

ನಾನು ಬಡಗಿ. ಮನೆಯ ಮುಂಭಾಗದಲ್ಲೇ ನನ್ನ ಮರಗೆಲಸದ ಅಂಗಡಿ. ಅದರೆದುರಿನ ಗಟ್ಟಿ ನೆಲದಲ್ಲಿ ಹೆಂಡತಿ ತಂಗಡಿ ಬೀಜ ಹಾಕಿದಾಗ ನಾನು ಬಿದ್ದು ಬಿದ್ದು ನಕ್ಕಿದ್ದೆ. ಎರಡು ವರ್ಷದ ಮೇಲೆ, ಈ ಬೇಸಿಗೆಯಲ್ಲಿ ನಲ್ಲಿ ನೀರು ನಿಂತು ಬೀದಿಯ ಕುಂಡಗಳೆಲ್ಲ ಒಣಗಿದವು. ಅವಳ ತಂಗಡಿ ಮಾತ್ರ ಮೈತುಂಬ ಹಳದಿ ಹೂ ಬಿಟ್ಟಿತು. ಜೇನು, ಚಿಟ್ಟೆ, ಕಪ್ಪು ದುಂಬಿಗಳು ಮುತ್ತಿಕೊಂಡವು. ಹೋಗಿ ಬರುವವರನ್ನೆಲ್ಲ ನಿಲ್ಲಿಸಿ ತೋರಿಸಿದಳು. ಅವಳ ಕಾಲು ನೆಲದ ಮೇಲಿರಲಿಲ್ಲ.

ನನ್ನ ಗ್ರಹಚಾರ, ದುಂಬಿಗಳು ಹೂವಿನಿಂದ ನೇರ ಅಂಗಡಿ ಬಾಗಿಲಿನ ತೊಲೆಗೆ ಬಂದು ತೂತು ಕೊರೆಯತೊಡಗಿದವು. ಬಡಗಿಯ ಬಾಗಿಲಿಗೇ ತೂತು! ಗಿರಾಕಿಗಳು ಕಂಡರೆ ಮಾನ ಉಳಿಯುತ್ತದೆಯೇ? ಕೋಪ ನನಗೆ ಮೂಗಿನ ತುದಿಯಲ್ಲೇ. ಗುದ್ದಲಿ ಹಿಡಿದು ಹೊರಟೆ.

ಅವಳು ಗಿಡಕ್ಕೆ ಅಡ್ಡ ನಿಂತಳು. "ಊರಿಗೆಲ್ಲ ಬಾಗಿಲು, ಕಿಟಕಿ ಮಾಡಿಕೊಡ್ತೀರಲ್ಲ, ಇವಕ್ಕೊಂದು ಗೂಡು ಮಾಡೋಕಾಗಲ್ವಾ? ಆಮೇಲೂ ತೊಲೆಗೇ ಬಂದ್ರೆ ನಾನೇ ಗಿಡ ಕಿತ್ತು ಹಾಕ್ತೀನಿ ಕಣ್ರೀ."

ನನ್ನ ಕೈಗೆಲಸಕ್ಕೇ ಸವಾಲು! ತೇಗದ ಹಲಗೆ ಆರಿಸಿ, ಬೈರಿಗೆಯಲ್ಲಿ ತೂತು ಕೊರೆದು, ಪಾಲಿಶ್ ಹೊಡೆದು, ಅರಮನೆಯಂಥ ಪೆಟ್ಟಿಗೆ ಮಾಡಿ ತೂಗುಹಾಕಿದೆ. ದುಂಬಿಗಳು ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ. ತೊಲೆಗೆ ಇನ್ನೊಂದು ತೂತು ಬಿತ್ತು.

"ಕೊಟ್ಟ ಮಾತು ಕೊಟ್ಟ ಮಾತೇ," ಎಂದು ಅವಳು ಗುದ್ದಲಿ ಎತ್ತಿಕೊಂಡಳು. ಆಗ ನನಗೇ ಅನ್ನಿಸಿತು: ಗಿಡದ ತಪ್ಪೇನು? ಸೋತಿದ್ದು ನನ್ನ ಪೆಟ್ಟಿಗೆ.

"ತಡಿಯೇ ಸ್ವಲ್ಪ," ಎಂದು ಏಣಿ ಹತ್ತಿ ತೊಲೆ ಸವರಿದೆ. ಊರಿನ ಬಾಗಿಲಿಗೆಲ್ಲ ಪಾಲಿಶ್ ಹೊಡೆಯುವ ಭರದಲ್ಲಿ ನನ್ನದಕ್ಕೆ ಹೊಡೆಯುವುದನ್ನೇ ಮರೆತಿದ್ದೆ. ದುಂಬಿಗಳಿಗೆ ಬೇಕಿದ್ದದ್ದು ಅಂಥ ಬರಿಮೈ ಮರವೇ. ಅವು ಹೂವಿಗೆ ಹೋಗಿದ್ದ ಹೊತ್ತು ನೋಡಿ ತೂತು ಮುಚ್ಚಿ ತೊಲೆಗೆ ಪಾಲಿಶ್ ಹೊಡೆದೆ. ಮೂಲೆಯಲ್ಲಿ ಬಿದ್ದಿದ್ದ ಒಣ ದಿಮ್ಮಿಯೊಂದನ್ನು ಉಳಿ ಸೋಕಿಸದೆ ಗಿಡದ ಪಕ್ಕ ನಿಲ್ಲಿಸಿದೆ. ವಾರದೊಳಗೆ ಅದರ ಬುಡದಲ್ಲಿ ಮರದ ಪುಡಿ ಉದುರತೊಡಗಿತು. ಅವಳು ಗುದ್ದಲಿಯನ್ನು ಅಟ್ಟಕ್ಕೆ ಹಾಕಿದಳು.

ಮೊನ್ನೆ ಕಿಟಕಿ ಮಾಡಿಸಲು ಬಂದ ಟೀಚರಮ್ಮ ದಿಮ್ಮಿಯ ದುಂಡನೆಯ ತೂತುಗಳನ್ನು ಬಗ್ಗಿ ನೋಡಿ, "ಎಷ್ಟು ನೀಟಾಗಿದೆ! ನಿಮ್ಮ ಕೆಲಸಾನಾ?" ಎಂದರು.

ಬಂದ ಹೊಗಳಿಕೆಯನ್ನು ಜನ್ಮದಲ್ಲಿ ಬಿಟ್ಟುಕೊಟ್ಟವನಲ್ಲ ನಾನು. ಅಂದು ಎದೆಯುಬ್ಬಿಸಿ ಹೇಳಿದೆ: "ನನ್ನದಲ್ಲಮ್ಮ. ಒಳಗೆ ಬನ್ನಿ, ಈ ಕೆಲಸಗಾರರನ್ನ ಕರೆಸಿದವಳನ್ನ ತೋರಿಸ್ತೀನಿ."