ಆಷಾಢ ಕಳೆಯಲಿ ಎಂದು ಬಿಟ್ಟ ಬೆದ್ವಾಂ

ಅಮೆರಿಕದ ಫ್ರೀಮಾಂಟಿನ ನಮ್ಮ ಮನೆಯ ಫ್ರಿಜ್ಜಿನ ಮೇಲೆ ಒಂದು ಹಳ್ಳಿಯ ನಕ್ಷೆ ಅಂಟಿಸಿದೆ. ಹಳ್ಳಿಯ ಹೆಸರು ಬೆದ್ವಾಂ, ಇರುವುದು ಫ್ರಾನ್ಸಿನಲ್ಲಿ. ಅದರ ಪಕ್ಕದಲ್ಲೇ ಮೋಂ ವೆಂತೂ ಎಂಬ ಬೋಳು ಬೆಟ್ಟ. ಪ್ರಪಂಚದ ಸೈಕಲ್ ಹುಚ್ಚರೆಲ್ಲ ಒಮ್ಮೆಯಾದರೂ ಹತ್ತಬೇಕೆಂದು ಹಂಬಲಿಸುವ ಬೆಟ್ಟ. ನನ್ನ ಗಂಡ ಜಗನ್ನಾಥ ಆ ಹುಚ್ಚರಲ್ಲಿ ಒಬ್ಬರು. ಹುಡುಗನಾಗಿದ್ದಾಗ ಅಪ್ಪನ ಸೈಕಲ್ ಕದ್ದು ಚಾಮುಂಡಿ ಬೆಟ್ಟ ಹತ್ತಿ, ಇಳಿದು ಬಂದ ಮೇಲೆ ಒದೆ ತಿಂದವರು.

ಆಫೀಸಿಗೆ ಸೇತುವೆ ದಾಟುವಾಗ ಕಾರಿನಲ್ಲಿ ಫ್ರೆಂಚ್ ಕ್ಯಾಸೆಟ್ಟು ಕೇಳುತ್ತಿದ್ದರು. ಬೆದ್ವಾಂನ ಬೇಕರಿ ಎಲ್ಲಿ, ಕಾರಂಜಿ ಎಲ್ಲಿ, ಸೋಮವಾರದ ಸಂತೆ ಯಾವ ಬೀದಿಯಲ್ಲಿ, ಎಲ್ಲ ಬಾಯಿಪಾಠ. ನನ್ನ ತವರಿನ ಬೀದಿಯ ಹೆಸರು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತಿದ್ದರು. ಬೆದ್ವಾಂನಲ್ಲಿ ಕೋಣೆ ಬಾಡಿಗೆಗೆ ಕೊಡುವ ಮದಾಂ ರೂ ಎಂಬ ಮುದುಕಿಗೆ ಕಾಗದ ಬರೆದು ಬರೆದು ನೆಂಟಸ್ತನವನ್ನೇ ಬೆಳೆಸಿದ್ದರು.

ಎರಡು ಸಾವಿರನೇ ಇಸವಿಯ ಜುಲೈನಲ್ಲಿ ಫ್ರಾನ್ಸಿನ ದೊಡ್ಡ ಸೈಕಲ್ ರೇಸು ಆ ಬೆಟ್ಟ ಹತ್ತುವುದಿತ್ತು. ಕಂಪ್ಯೂಟರ್ ಕಂಪನಿಗಳ ಭರಾಟೆಯಲ್ಲಿ ಎಲ್ಲರೂ ಆಫೀಸಿನ ಮೇಜಿನ ಕೆಳಗೇ ಮಲಗುತ್ತಿದ್ದ ಆ ದಿನಗಳಲ್ಲಿ ಇವರು ಹೇಗೋ ಹತ್ತು ದಿನ ರಜಾ ಗಿಟ್ಟಿಸಿದರು. ಟಿಕೆಟ್ಟೂ ಬಂತು. ಆಮೇಲೆ ನಾನು ಪಂಚಾಂಗ ನೋಡಿದೆ. ಜುಲೈ ತುಂಬ ಆಷಾಢ. ಹೊಸ ಮನೆಯ ಗೃಹಪ್ರವೇಶವಾಗಿ ತಿಂಗಳೂ ಆಗಿರಲಿಲ್ಲ. ಹೋಗುವುದು ಬೇಡವೆಂದು ಹಟ ಹಿಡಿದೆ, ಮೂರು ದಿನ ಮಾತು ಬಿಟ್ಟೆ. ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಪರೀಕ್ಷಿಸದೆ ಒಂದು ಸಾಲನ್ನೂ ನಂಬುವವಳಲ್ಲ. ಅಂಥವಳು ಗೋಡೆಯ ಕ್ಯಾಲೆಂಡರನ್ನು ಕಣ್ಣುಮುಚ್ಚಿ ನಂಬಿದೆ.

"ಆಷಾಢ ಕಳೀಲಿ ರೀ. ಶ್ರಾವಣದಲ್ಲಿ ಎಷ್ಟು ಬೆಟ್ಟ ಬೇಕಾದ್ರೂ ಹತ್ತಿ," ಎಂದೆ.

"ಶ್ರಾವಣಕ್ಕೆ ಅಲ್ಲಿ ರೇಸೂ ಇರಲ್ಲ, ನನಗೆ ರಜಾನೂ ಇರಲ್ಲ ವಸು," ಎಂದರು. ಆದರೂ ಟಿಕೆಟ್ ಕ್ಯಾನ್ಸಲ್ ಮಾಡಿಸಿದರು. ರೇಸನ್ನು ಟೀವಿಯಲ್ಲಿ ನೋಡಿದರು. ಪಕ್ಕದಲ್ಲಿದ್ದ ಕಾಫಿ ಆರಿಹೋಗಿತ್ತು. ನಾನು ಗೆದ್ದೆ ಅಂದುಕೊಂಡೆ.

ಶ್ರಾವಣ ಬಂತು. ಶುಕ್ರವಾರ ವರಮಹಾಲಕ್ಷ್ಮಿ ಪೂಜೆ ಮಾಡಿದೆ. ಭಾನುವಾರ ಇವರು ನಮ್ಮೂರ ಹತ್ತಿರದ ಮೌಂಟ್ ಹ್ಯಾಮಿಲ್ಟನ್ ಬೆಟ್ಟ ಹತ್ತಲು ಹೊರಟಾಗ ಉಳಿದಿದ್ದ ಒಬ್ಬಟ್ಟು ಕಟ್ಟಿಕೊಟ್ಟು, ನಿಶ್ಚಿಂತೆಯಿಂದ ಕಳಿಸಿದೆ. ಇಳಿಯುವಾಗ ಒಂದು ತಿರುವಿನಲ್ಲಿ ಜಲ್ಲಿಕಲ್ಲಿನ ಮೇಲೆ ಚಕ್ರ ಜಾರಿತು. ಬೆನ್ನುಮೂಳೆ ಮುರಿಯಿತು. ಅಂದಿನಿಂದ ಸೊಂಟದ ಕೆಳಗೆ ಸ್ವಾಧೀನವಿಲ್ಲ.

ಫ್ರಾನ್ಸಿಗೆ ಹೋಗಿದ್ದರೆ ಅಲ್ಲೇ ಬೀಳಬಹುದಿತ್ತಲ್ಲ ಎಂದು ಗೆಳತಿಯೊಬ್ಬಳು ಸಮಾಧಾನ ಹೇಳಿದಳು. ಇರಬಹುದು. ಆದರೆ ವೆಂತೂ ಹತ್ತಿ ಬಿದ್ದಿರುತ್ತಿದ್ದರು. ನನ್ನನ್ನು ನಾನು ಕ್ಷಮಿಸಿಕೊಂಡಿಲ್ಲ, ಕ್ಷಮಿಸಿಕೊಳ್ಳುವುದೂ ಇಲ್ಲ.

ಮರುವರ್ಷ ಇವರಿಗೆ ತಿಳಿಸದೆ ಮದಾಂ ರೂಗೆ ಎಲ್ಲವನ್ನೂ ಬರೆದೆ. ನೆಲಮಹಡಿಯ ಕೋಣೆ ಕೊಡುತ್ತೇನೆ, ಬೆಟ್ಟಕ್ಕೆ ಹೊರಡುವ ಸೈಕಲ್ಲುಗಳೆಲ್ಲ ಅದರ ಕಿಟಕಿಯಲ್ಲಿ ಕಾಣುತ್ತವೆ ಎಂದು ಉತ್ತರ ಬಂತು. ಎರಡು ಟಿಕೆಟ್ ಕೊಂಡು ತಂದು ಇವರ ತೊಡೆಯ ಮೇಲಿಟ್ಟೆ.

"ಜುಲೈ ಹತ್ತಕ್ಕೆ ಹೊರಡೋಣ ರೀ. ಆಷಾಢಾನೇ. ಇರಲಿ."

ಆ ಕಿಟಕಿಯ ವಿಷಯವನ್ನೂ ಹೇಳಿದೆ. ಟಿಕೆಟ್ಟುಗಳನ್ನು ತುಂಬ ಹೊತ್ತು ಹಿಡಿದುಕೊಂಡಿದ್ದರು. ತೆರೆದ ಬಾಗಿಲಾಚೆ ಗರಾಜಿನಲ್ಲಿ ತೂಗುಹಾಕಿದ್ದ ಸೈಕಲ್ ಕಾಣುತ್ತಿತ್ತು.

"ಆಷಾಢ ಕಳೀಲಿ ಬಿಡು, ವಸು," ಎಂದರು.

ದನಿಯಲ್ಲಿ ಚುಚ್ಚುಮಾತಿನ ಸುಳಿವೂ ಇರಲಿಲ್ಲ. ಚುಚ್ಚಿದ್ದರೆ ಜಗಳವಾಡಿ, ಅತ್ತು ಹಗುರಾಗುತ್ತಿದ್ದೆ. ಬೇರೆಯವರು ಹತ್ತುವುದನ್ನು ಕಿಟಕಿಯಲ್ಲಿ ಕೂತು ನೋಡಲಾರೆ ಎಂದು ಬಾಯಿಬಿಟ್ಟು ಹೇಳಿ ನನ್ನನ್ನು ನೋಯಿಸಬಾರದೆಂದು, ನಾನೇ ಕೊಟ್ಟ ನೆಪವನ್ನು ನನಗೆ ಮರಳಿಸಿದ್ದರು.

"ಆಯ್ತು ರೀ," ಎಂದು ಟಿಕೆಟ್ಟುಗಳನ್ನು ತೆಗೆದುಕೊಂಡೆ. ಯಾವ ವರ್ಷದ ಶ್ರಾವಣಕ್ಕೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.