ಆರನೆಯ ಹಿಡಿಕೆ

"ನನ್ನ ಕೈಲಾಗಲ್ಲ. ಈ ಮಂಡಿ ಇಟ್ಕೊಂಡು ಮೆಟ್ಟಿಲು ಇಳಿದ್ರೆ ಅಣ್ಣನ್ನೂ ಕೆಡವ್ತೀನಿ," ಎಂದು ಓಡೆಲ್ ಹಿಂದೆ ಸರಿದ. ಹಾಯ್ಟ್‌ನ ಶವಪೆಟ್ಟಿಗೆ ಚರ್ಚಿನ ಬಾಗಿಲವರೆಗೆ ಗಾಲಿಯ ಮೇಲೆ ಬಂದಿತ್ತು. ಅದಕ್ಕೆ ಆರು ಹಿಡಿಕೆ, ಉಳಿದವರು ಐವರು.

ಕೊನೆಯ ಬೆಂಚಿನಿಂದ ರ್‍ಯಾಂಡಲ್ ಎದ್ದ. ಕಾರ್ ರೇಸ್ ಬಿಟ್ಟು ಎಷ್ಟೋ ಕಾಲವಾದರೂ ಇವತ್ತೂ ಪಾದ್ರಿಗಳೇ ಹೋಗಿ ಅವನ ಕೈಕುಲುಕಿದ್ದರು. ಆ ಅಪಘಾತದ ನಂತರದ ಇಪ್ಪತ್ತೆರಡು ವರ್ಷಗಳಲ್ಲಿ ಒಮ್ಮೆಯೂ ಹಾಯ್ಟ್‌ನ ಮನೆಗೆ ಬಾರದವನು.

"ನಾನು ಹಿಡೀಲಾ, ವರ್ಲೀನ್?" ಎಂದು ಹಾಯ್ಟ್‌ನ ಹೆಂಡತಿಯನ್ನು ಕೇಳಿದ.

ಓಡೆಲ್ ಅವಳ ಕಿವಿಯ ಹತ್ತಿರ ಬಗ್ಗಿದ. "ಬೇಡ ಅನ್ಬೇಡಿ ಅತ್ತಿಗೆ. ದೊಡ್ಡ ಮನಸ್ಸು ಅವನದು. ಅಣ್ಣ ಅಷ್ಟು ದೊಡ್ಡ ತಪ್ಪು ಮಾಡಿದ್ರೂ ಒಂದು ಮಾತು ಅಂದವನಲ್ಲ."

ವರ್ಲೀನ್‌ಗೆ ಮೈಯೆಲ್ಲ ಉರಿದುಹೋಯಿತು. ಗಂಡನಿಗೆ ಕೊಟ್ಟ ಮಾತು ನೆನೆದು ಬಾಯಿ ಮುಚ್ಚಿಕೊಂಡಳು.

"ಹಿಡ್ಕೋ. ಮುಂದಿನದು," ಎಂದಳು.

* * *

ರೇಸಿನ ಕಾರಿನಲ್ಲಿ ಬಿಗಿದು ಕೂತವನಿಗೆ ಪಕ್ಕದಲ್ಲಿ ಯಾರಿದ್ದಾರೆಂದು ಕಾಣುವುದಿಲ್ಲ. ಸ್ಟ್ಯಾಂಡಿನ ಛಾವಣಿಯ ಮೇಲೆ ನಿಂತವನು ನೋಡಿ ರೇಡಿಯೋದಲ್ಲಿ ಹೇಳಬೇಕು. ರ್‍ಯಾಂಡಲ್‌ಗೆ ಆ ಕೆಲಸ ಮಾಡುತ್ತಿದ್ದವನು ಹಾಯ್ಟ್. ಇಪ್ಪತ್ತೆರಡು ವರ್ಷಗಳ ಹಿಂದಿನ ಆ ದಿನ ಕೆಳಗೆ ಜನರ ನಡುವೆ ವರ್ಲೀನ್, ರೇಸಿನವರ ಮಾತು ಕೇಳಿಸುವ ಬಾಡಿಗೆಯ ರೇಡಿಯೋ ಕಿವಿಗೆ ಹಾಕಿಕೊಂಡು, ಕಡಲೆಕಾಯಿ ಸುಲಿಯುತ್ತ ಗಂಡನ ಮಾತು ಕೇಳುತ್ತಿದ್ದಳು.

"ಒಳಗಡೆ ಲೈಲ್ ಇದಾನೆ. ಇನ್ನೂ ಇದಾನೆ. ಇಳೀಬೇಡ ರ್‍ಯಾಂಡಲ್, ಇಳೀಬೇಡ!"

ರ್‍ಯಾಂಡಲ್ ಇಳಿಜಾರು ಟ್ರ್ಯಾಕಿನ ಮೇಲಿನಿಂದ ಕಾರನ್ನು ಒಳಬದಿಗೆ ಇಳಿಸಿದ. ಪಕ್ಕದಲ್ಲಿದ್ದ ಎದುರಾಳಿ ಲೈಲ್‌ನ ಕಾರು ಅದಕ್ಕೆ ತಾಗಿ ಗಿರಗಿರನೆ ತಿರುಗಿ ಗೋಡೆಗೆ ಬಡಿಯಿತು. ಅವನು ಜೀವಸಹಿತ ಆಸ್ಪತ್ರೆ ತಲುಪಲಿಲ್ಲ.

"ದಾರಿ ಇದೆ, ಇಳಿ ಅಂತ ನಾನೇ ಹೇಳ್ದೆ ಅಂತ ವಿಚಾರಣೆಯವರಿಗೆ ಬರ್ಕೊಟ್ಟೆ," ಎಂದ ಹಾಯ್ಟ್, ಮನೆಗೆ ಬಂದು. "ರ್‍ಯಾಂಡಲ್ ಕಾಲು ಹಿಡ್ಕೊಂಡ ಕಣೆ. ಕಾರು ಬಿಟ್ರೆ ಅವನಿಗೆ ಬೇರೇನೂ ಬರಲ್ಲ."

"ನಿನಗೇನು ಬರುತ್ತೆ?"

"ಏನೋ ಒಂದು. ನಾನಿರೋ ತನಕ ನೀನು ಬಾಯಿ ಬಿಡ್ಬೇಡ."

ರೇಸಿನ ಕೆಲಸ ಹೋದ ಮೇಲೆ ಆ ಏನೋ ಒಂದು ಶಾಲೆಯ ಮೈದಾನದ ಹುಲ್ಲು ಕತ್ತರಿಸುವ ಕೆಲಸವಾಯಿತು. ಅಂಗಡಿಯಲ್ಲಿ ಲೈಲ್‌ನ ತಾಯಿ ಎದುರಾದರೆ ಹಾಯ್ಟ್ ಸಾಮಾನು ತುಂಬಿದ ತಳ್ಳುಗಾಡಿಯನ್ನು ಅಲ್ಲೇ ಬಿಟ್ಟು ಹೊರಗೆ ಬಂದುಬಿಡುತ್ತಿದ್ದ.

* * *

ಚರ್ಚಿನ ಮೆಟ್ಟಿಲಲ್ಲಿ ಪೆಟ್ಟಿಗೆಯ ಮುಂದಿನ ಇಬ್ಬರು ಹಿಮ್ಮುಖವಾಗಿ ಇಳಿಯಬೇಕಿತ್ತು. ಎರಡು ಮೆಟ್ಟಿಲು ಇಳಿಯುವಷ್ಟರಲ್ಲಿ ರ್‍ಯಾಂಡಲ್‌ಗೆ ಉಸಿರು ಕಟ್ಟಿತು. ಪಕ್ಕದಲ್ಲೇ ವರ್ಲೀನ್ ಇಳಿಯುತ್ತಿದ್ದಳು.

"ಕಾಲಿಡೋಕೆ ಜಾಗ ಇದೆಯಾ ವರ್ಲೀನ್? ನನಗೆ ಕಾಣ್ತಿಲ್ಲ."

ಅವಳು ನಿಂತಳು. ಹಾಯ್ಟ್ ಇರೋ ತನಕ ಅಂದಿದ್ದ. ಈಗ ಅವನಿಲ್ಲ.

"ಇವತ್ತು ಕೇಳ್ತೀಯಾ?" ಎಂದಳು, ಎಲ್ಲರಿಗೂ ಕೇಳುವಂತೆ. "ಅವತ್ತು ಹಾಯ್ಟ್ ಇಳೀಬೇಡ ಅಂದ. ಎರಡು ಸಲ ಅಂದ. ನಾನು ಈ ಕಿವಿಯಲ್ಲಿ ಕೇಳಿದೀನಿ."

"ಏನಂದ್ರಿ ಅತ್ತಿಗೆ?" ಓಡೆಲ್ ಮೆಟ್ಟಿಲ ತುದಿಗೆ ಬಂದ. "ರ್‍ಯಾಂಡಲ್, ಏನಿದು? ಸುಳ್ಳು ಅನ್ನು."

ರ್‍ಯಾಂಡಲ್ ಹಿಡಿಕೆಯನ್ನು ಎರಡೂ ಕೈಗಳಿಂದ ಬಿಗಿಹಿಡಿದ. ಪೆಟ್ಟಿಗೆಯ ಭಾರ ಅವನ ಕಡೆಗೆ ವಾಲುತ್ತಿತ್ತು. ಎತ್ತಿದ ಕಾಲು ಹಿಂದಿನ ಮೆಟ್ಟಿಲಿಗಾಗಿ ಗಾಳಿಯಲ್ಲಿ ತಡಕಾಡುತ್ತಿತ್ತು. ಎಲ್ಲಿದೆ ಎಂದು ಯಾರೂ ಹೇಳಲಿಲ್ಲ.